ಲಸಿಕೆಗೆ ಮೊದಲು ಜಂತಿನ ಔಷಧ

ಪಿರಿಯಾಪಟ್ಟಣ, ಹುಣಸೂರು ಕಡೆ ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಕುರಿ, ಮೇಕೆಗಳಿಗೆ ಕರುಳುಬೇನೆಯ ಲಸಿಕೆ ಹಾಕಿಸುವ ವಾಡಿಕೆಯುಂಟು. ಆದರೆ ಹೊಟ್ಟೆಯಲ್ಲಿ ಜಂತು ತುಂಬಿರುವ ಪ್ರಾಣಿಗೆ ಚುಚ್ಚಿದ ಲಸಿಕೆ ಪೂರ್ಣ ಫಲ ಕೊಡದೆ ಹೋಗಬಹುದೆಂಬುದನ್ನು ಸಾಕಣೆದಾರರು ಗಮನಿಸುವುದು ಕಡಿಮೆ.

ಲಸಿಕೆ ರೋಗವನ್ನು ತಾನೇ ತಡೆಯುವುದಿಲ್ಲ. ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು, ಅಂದರೆ ರಕ್ತದಲ್ಲಿನ ರಕ್ಷಕ ಪ್ರೋಟೀನುಗಳನ್ನು, ತಯಾರಿಸುವಂತೆ ದೇಹಕ್ಕೆ ಪಾಠ ಹೇಳುತ್ತದೆ. ಹೀಮಾಂಕಸ್ ಎಂಬ ರಕ್ತಹೀರುವ ಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ನಷ್ಟಮಾಡುವುದರಿಂದ, ಸಾವಿರ ಹುಳುಗಳಿರುವ ಕುರಿ ದಿನವೂ 50 ಮಿಲಿಲೀಟರ್ ಕಳೆದುಕೊಂಡು, ಪ್ರತಿಕಾಯಕ್ಕೆ ಬೇಕಾದ ಪ್ರೋಟೀನಿಗೇ ಬಡವಾಗುತ್ತದೆ. ಜೊತೆಗೆ ತಾವು ಬದುಕುಳಿಯಲೆಂದು ಜಂತುಗಳು ಆಶ್ರಯದಾತನ ರೋಗನಿರೋಧಕ ವ್ಯವಸ್ಥೆಯನ್ನೇ ಮಂದಗೊಳಿಸುತ್ತವೆ.

ಕುರಿಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದಾಗ ಒಳಪೊರೆ ಕೆಂಪಗಿರದೆ ಬಿಳಿಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊದಿದ್ದರೆ, ಜಂತಿನ ಬಾಧೆಯನ್ನು ಶಂಕಿಸಿ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷಿಸುವುದು ಒಳಿತು. ಲಸಿಕೆಗೆ ಎರಡು ವಾರ ಮೊದಲೇ ತೂಕಕ್ಕೆ ತಕ್ಕಷ್ಟು ಔಷಧ ಕುಡಿಸಿದರೆ ದೇಹ ಚೇತರಿಸಿಕೊಳ್ಳಲು ಅವಕಾಶ ದೊರೆಯುತ್ತದೆ. ಅಂದಾಜಿನಲ್ಲಿ ಕಡಿಮೆ ಕುಡಿಸುವುದು, ಹಣ ಉಳಿಸಿದಂತೆ ಕಂಡರೂ, ಔಷಧಕ್ಕೆ ಬಗ್ಗದ ಹುಳುಗಳನ್ನು ಬೆಳೆಸುವ ದಾರಿ. ಗಬ್ಬದ ಮೊದಲ ತಿಂಗಳಿನಲ್ಲಿ ಅಲ್ಬೆಂಡಜೋಲ್ ಎಂಬ ಜಂತಿನ ಔಷಧ ಮರಿಗೆ ಕೇಡುಮಾಡುವುದರಿಂದ ವೈದ್ಯರನ್ನು ಕೇಳದೆ ಕೊಡಬಾರದು. ಔಷಧ ಕುಡಿಸಿದ ಮಂದೆಯನ್ನು ಮತ್ತೆ ಅದೇ ಕೆರೆಯಂಗಳದ ಇಬ್ಬನಿಯ ಹುಲ್ಲಿಗೆ ಬೆಳಗ್ಗೆಯೇ ಬಿಟ್ಟರೆ, ಎಸಳಿಗೇರಿ ಕುಳಿತ ಮರಿಹುಳುಗಳು ಪುನಃ ಹೊಟ್ಟೆ ಸೇರುತ್ತವೆ.