ಮಗುವಿನ ಕೈಗೊಂದು ಗೊಂಬೆ

ಗೊಂಬೆಯನ್ನು ಒಲ್ಲೆನೆನ್ನುವ ಮಗುವಿಲ್ಲ. ಮಣ್ಣಿನ ಗೊಂಬೆ, ಮರದ ಗೊಂಬೆ, ಬಟ್ಟೆಯ ಗೊಂಬೆಗಳು ನಮ್ಮ ಮನೆಗಳಿಗೆ ಹೊಸತಲ್ಲ. ದಾರದಿಂದ ಹೆಣೆದು ಒಳಗೆ ಮೆತ್ತನೆಯ ನಾರು ತುಂಬಿದ ಗೊಂಬೆಯೂ ಈಗ ಇವುಗಳ ಸಾಲಿಗೆ ಸೇರಿದೆ. ಒಂದೇ ಕೊಕ್ಕೆಕಡ್ಡಿಯಿಂದ ದಾರವನ್ನು ಕುಣಿಕೆ ಕುಣಿಕೆಯಾಗಿ ಎಳೆದು ಹೆಣೆಯುವ ಈ ಕಲೆಗೆ ಕ್ರೋಶಾ ಎಂದು ಹೆಸರು. ಫ್ರೆಂಚ್ ಭಾಷೆಯಿಂದ ಬಂದ ಈ ಮಾತಿಗೆ ಪುಟ್ಟ ಕೊಕ್ಕೆ ಎಂದೇ ಅರ್ಥ. ಇಂಥ ಗೊಂಬೆಗಳನ್ನು ಜಪಾನಿನಲ್ಲಿ ‘ಅಮಿಗುರುಮಿ’ ಎನ್ನುತ್ತಾರೆ. ಹೆಣಿಗೆ ಎಂಬರ್ಥದ ‘ಅಮಿ’ ಮತ್ತು ತುಂಬಿದ ಗೊಂಬೆ ಎಂಬರ್ಥದ ‘ನುಯಿಗುರುಮಿ’ ಎಂಬ ಪದಗಳು ಕೂಡಿ ಈ ಹೆಸರಾಗಿದೆ.

ಹೆಣೆಯಲು ಕೈಗೆ ಅಭ್ಯಾಸವಿದ್ದರೆ ಸಾಲದು. ಸಾಮಗ್ರಿಗಳನ್ನು ಆರಿಸುವ ವಿವೇಕವೂ ಬೇಕು. ಇದನ್ನು ನನಗೆ ಕಲಿಸಿದ್ದು ನಾನು ಮೊದಲು ಹೆಣೆದ ಆನೆ. ಅಕ್ಕನ ಒಂದು ವರ್ಷದ ಮಗುವಿಗೆಂದು ಕಡುಗೆಂಪು ದಾರದಲ್ಲಿ ಅದನ್ನು ಹೆಣೆದಿದ್ದೆ. ದಪ್ಪ ಕಡ್ಡಿ ಹಿಡಿದುದರಿಂದ ಕೆಲಸ ಎರಡೇ ದಿನಗಳಲ್ಲಿ ಮುಗಿಯಿತು. ಹೊಟ್ಟೆಗೆ ಬೂರುಗದ ಅರಳೆ ತುಂಬಿ, ಕಣ್ಣುಗಳಿಗೆ ಗಾಜಿನ ಮಣಿಗಳನ್ನು ಹೊಲಿದೆ. ನೋಡಿದವರೆಲ್ಲ ಹೊಗಳಿದರು. ತಿಂಗಳು ಕಳೆಯುವಷ್ಟರಲ್ಲಿ, ಒಂದು ಸಂಜೆ ಆನೆಯ ಕಣ್ಣೊಂದು ಕಾಣೆಯಾಗಿತ್ತು. ಮಗುವಾದರೋ ಸೊಂಡಿಲನ್ನು ಚೀಪುತ್ತ ಕುಳಿತಿತ್ತು. ಚಾಪೆಯ ಅಂಚಿನಲ್ಲಿ ಮಣಿ ಸಿಕ್ಕುವವರೆಗೆ ಮನೆಯವರಿಗೆಲ್ಲ ಪ್ರಾಣ ಬಾಯಿಗೆ ಬಂದಂತಾಗಿತ್ತು. ಆಮೇಲೆ ಆನೆಯನ್ನು ತಿರುಗಿಸಿ ನೋಡಿದೆ. ಕುಣಿಕೆಗಳ ಸಂದಿನಿಂದ ಅರಳೆ ಇಣುಕುತ್ತಿತ್ತು. ಜೊಲ್ಲಿಗೆ ಬಣ್ಣ ಬಿಟ್ಟು ಮಗುವಿನ ಅಂಗಿಗೆ ಹತ್ತಿತ್ತು. ಕುಣಿಕೆಗಳನ್ನು ಎಣಿಸಿ ಹೆಣೆದಿದ್ದೆನೇ ಹೊರತು, ದಾರವನ್ನಾಗಲಿ ಕಡ್ಡಿಯನ್ನಾಗಲಿ ಯೋಚಿಸಿ ಆರಿಸಿರಲಿಲ್ಲ.

ಮೊದಲು ದಾರದ ವಿಚಾರ. ಉಣ್ಣೆ, ಅಕ್ರಿಲಿಕ್, ಹತ್ತಿ ಈ ಮೂರು ಬಗೆಗಳೂ ಪೇಟೆಯಲ್ಲಿ ದೊರೆಯುತ್ತವೆ. ಉಣ್ಣೆ ಬೆಚ್ಚಗಿನದು. ಆದರೆ ಅದರ ಎಳೆಗಳ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗೊಂಬೆ ಕುಗ್ಗಿಹೋಗುತ್ತದೆ. ಅಕ್ರಿಲಿಕ್ ಕೃತಕ ನೂಲು. ಅದು ಅಗ್ಗ, ಹಗುರ, ಬೇಗ ಒಣಗುತ್ತದೆ. ಆದರೆ ಬಳಸಿದಂತೆಲ್ಲ ಜುಂಗೆದ್ದು ಮೈಮೇಲೆ ಸಣ್ಣ ಉಂಡೆಗಳು ಕಟ್ಟುತ್ತವೆ. ಹತ್ತಿಯ ದಾರಕ್ಕೆ ಹಿಗ್ಗುವ ಗುಣ ಕಡಿಮೆಯಾದ್ದರಿಂದ ಗೊಂಬೆಯ ಆಕಾರ ಕೆಡದು. ಮತ್ತೆ ಮತ್ತೆ ಒಗೆದರೂ ಬಾಳುತ್ತದೆ. ಒಣಗಲು ಹೆಚ್ಚು ಹೊತ್ತು ಬೇಕೆಂಬುದು ಅದರ ಕೊರತೆ. ಕಂಡದ್ದನ್ನೆಲ್ಲ ಬಾಯಿಗಿಡುವ ಮಗುವಿಗೆ ಹತ್ತಿಯೇ ಲೇಸು. ಕೊಂಡ ದಾರದ ತುಂಡೊಂದನ್ನು ಒದ್ದೆಮಾಡಿ ಬಿಳಿಯ ಬಟ್ಟೆಯ ಮೇಲೆ ಉಜ್ಜಿದರೆ ಬಣ್ಣ ಗಟ್ಟಿಯೋ ಅಲ್ಲವೋ ತಿಳಿಯುತ್ತದೆ.

ಇನ್ನು ಕಡ್ಡಿ. ಇದರ ದಪ್ಪವನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ದಾರದ ಉಂಡೆಗೆ ಸುತ್ತಿದ ಪಟ್ಟಿಯ ಮೇಲೆ ಯಾವ ಅಳತೆಯ ಕಡ್ಡಿ ತಕ್ಕುದೆಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಆ ಅಳತೆ ಮೆತ್ತಗೆ ಇಳಿಬೀಳಬೇಕಾದ ಶಾಲಿನಂಥ ಉಡುಪಿಗೆ ಒಪ್ಪುತ್ತದೆ. ಗೊಂಬೆಯ ಮೈ ಬಿಗಿಯಾಗಿರಬೇಕಾದ್ದರಿಂದ ಅದಕ್ಕಿಂತ ಸಣ್ಣ ಕಡ್ಡಿ ಬೇಕು. ಪಟ್ಟಿಯ ಮೇಲೆ 4 ಮಿ.ಮೀ. ಎಂದಿದ್ದರೆ 2.5 ಅಥವಾ 3 ಮಿ.ಮೀ. ಕಡ್ಡಿಯನ್ನು ಹಿಡಿಯಬಹುದು. ಹೆಣೆದ ತುಂಡನ್ನು ಕೊಂಚ ಎಳೆದು ಬೆಳಕಿಗೆ ಹಿಡಿದಾಗ ಸಂದುಗಳು ಕಾಣದಿದ್ದರೆ ಆಯ್ಕೆ ಸರಿಯೆಂದು ತಿಳಿಯಬೇಕು. ಬಿಗಿ ಹೆಣಿಗೆಗೆ ಬಲ ಹಾಕಬೇಕಾಗುತ್ತದೆ. ತೆಳುವಾದ ಬಿದಿರು ಮುರಿದೀತು. ಆದ್ದರಿಂದ ನುಣುಪಾದ ಕೊಕ್ಕೆಯುಳ್ಳ ಲೋಹದ ಕಡ್ಡಿ ಮೇಲು. ಇದರೊಡನೆ ಕತ್ತರಿ, ಬಿಡಿ ಭಾಗಗಳನ್ನು ಸೇರಿಸಲು ಮೊಂಡು ಮೊನೆಯ ದೊಡ್ಡ ಸೂಜಿ, ಸುತ್ತಿನ ಆರಂಭವನ್ನು ಗುರುತಿಸಲು ಬೇರೆ ಬಣ್ಣದ ದಾರದ ತುಂಡು ಇಷ್ಟಿದ್ದರೆ ಸಾಕು.

ಒಳಗೆ ತುಂಬುವ ವಸ್ತುವನ್ನೂ ಅಲಕ್ಷಿಸಬಾರದು. ಬೂರುಗದ ಅರಳೆ ಬಲು ನವಿರು; ಅದರ ಎಳೆಗಳು ಸಣ್ಣ ಸಂದಿನಿಂದಲೂ ನುಸುಳುತ್ತವೆ. ಹತ್ತಿಯ ಅರಳೆ ಒಗೆದಾಗ ಗಂಟು ಕಟ್ಟುತ್ತದೆ. ಬಟ್ಟೆಯ ಚಿಂದಿ ತುಂಬಿದರೆ ಗೊಂಬೆ ಭಾರವಾಗಿ, ನೀರು ಆರದೆ ಬೂಸಲು ಹಿಡಿಯುತ್ತದೆ. ಪಾಲಿಯೆಸ್ಟರ್ ನಾರು ಹಗುರವಾಗಿದ್ದು ಬೇಗ ಒಣಗುತ್ತದೆ, ಒತ್ತಿದರೂ ಮತ್ತೆ ಉಬ್ಬುತ್ತದೆ. ಅದನ್ನು ಚೆನ್ನಾಗಿ ಬಿಡಿಸಿ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕಣ್ಣು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಗೊಂಬೆಗೆ ಮಣಿ, ಗುಂಡಿಗಳು ಸಲ್ಲವು. ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಕಪ್ಪು ದಾರದಿಂದ ಕಸೂತಿ ಹಾಕಿದ ಕಣ್ಣಿಗೆ ಈ ಭಯವಿಲ್ಲ. ಆಟಿಕೆಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ 31.7 ಮಿ.ಮೀ. ವ್ಯಾಸದ ಒಂದು ಪುಟ್ಟ ಕೊಳವೆಯಿರುತ್ತದೆ. ಅದರೊಳಗೆ ಪೂರ್ತಿಯಾಗಿ ಅಡಗುವ ಬಿಡಿಭಾಗ ಇಷ್ಟು ಚಿಕ್ಕ ಮಕ್ಕಳಿಗೆ ಅಪಾಯಕಾರಿ. ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳಿಗಾಗಿ ಕಾರ್ಖಾನೆಗಳಲ್ಲಿ ತಯಾರಾಗುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಮನೆಯಲ್ಲಿ ಹೆಣೆದು ಮಗುವಿಗೆ ಕೊಡುವ ಗೊಂಬೆಗೆ ಅಂಥ ಮುದ್ರೆ ಇರುವುದಿಲ್ಲ. ಅದನ್ನು ಹೆಣೆದವರೇ ಪರೀಕ್ಷಕರೂ ಆಗಬೇಕು.

ಅಕ್ಕನ ಮಗುವಿಗೆ ಆಮೇಲೆ ಇನ್ನೊಂದು ಆನೆಯನ್ನು ಹೆಣೆದೆ. ಹತ್ತಿಯ ದಾರ, ಸಣ್ಣ ಕಡ್ಡಿ, ಕಸೂತಿಯ ಕಣ್ಣು. ಎರಡು ದಿನಗಳ ಕೆಲಸಕ್ಕೆ ಎರಡು ವಾರ ಹಿಡಿಯಿತು. ಆ ಆನೆಯನ್ನು ಎಷ್ಟೋ ಸಲ ಒಗೆದದ್ದಾಗಿದೆ, ಬಿಸಿಲಿಗೆ ಹಾಕಿದ್ದಾಗಿದೆ. ಮಗು ಬೆಳೆದು ಶಾಲೆಗೆ ಹೊರಟ ಮೇಲೆ ಅದು ತಂಗಿಯ ಕೈಗೆ ಬಂತು. ಮಗುವಿಗೆ ಗೊಂಬೆಯ ಬೆಲೆ ತಿಳಿಯದು, ಅದರಲ್ಲಿರುವ ಅಪಾಯವೂ ತಿಳಿಯದು. ಕೊಟ್ಟದ್ದನ್ನು ನಂಬಿ ಅಪ್ಪಿಕೊಳ್ಳುವುದಷ್ಟೇ ಅದಕ್ಕೆ ಗೊತ್ತು. ಆ ನಂಬಿಕೆಗೆ ತಕ್ಕಂತೆ ದಾರವನ್ನೂ ಕಡ್ಡಿಯನ್ನೂ ಆರಿಸುವುದು ಹೆಣೆಯುವವರ ಮೊದಲ ಕರ್ತವ್ಯ.