ಮರವೂ ದಾಸೋಹದ ಮನೆ

ದಾಸೋಹವೆಂದರೆ ಹಸಿದು ಬಂದವರಿಗೆ ಅನ್ನವಿಕ್ಕುವುದು ಮಾತ್ರವಲ್ಲ. ತನ್ನದೆಂಬ ಭಾವವನ್ನು ಬಿಟ್ಟು, ಇರುವುದನ್ನು ಸಕಲ ಜೀವಿಗಳಿಗೂ ಸಲ್ಲಿಸುವುದು. ಈ ಅರ್ಥದಿಂದ ನೋಡಿದರೆ ಹೆಮ್ಮರವೊಂದು ಎಂದೂ ಬಾಗಿಲು ಮುಚ್ಚದ ದಾಸೋಹದ ಮನೆಯೇ ಸರಿ.

ಮಳೆ ಕಡಿಮೆಯಾದ ಹರಪನಹಳ್ಳಿ ಸೀಮೆಯ ಚಿಗಟೇರಿಯಂಥ ಊರಿನವರಿಗೆ ಬೇವು, ಹುಣಸೆ, ಹೊಂಗೆಗಳ ನೆರಳಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಅಂಥ ಊರುಗಳ ಮಕ್ಕಳೇ ದಾವಣಗೆರೆ, ಬೆಂಗಳೂರುಗಳಲ್ಲಿ ಮನೆ ಕಟ್ಟಿಸುವಾಗ, ಎಲೆ ಉದುರಿ ಅಂಗಳ ಕೊಳೆಯಾಗುವುದೆಂದು ಬಾಗಿಲ ಮುಂದಿನ ಮರವನ್ನು ಕಡಿಸುವುದುಂಟು. ಒಂದಕ್ಕೆ ಎರಡು ಸಸಿ ನೆಟ್ಟರೆ ಋಣ ತೀರಿತೆಂದು ಸಮಾಧಾನ ತಂದುಕೊಳ್ಳುವುದೂ ಉಂಟು. ಈ ಲೆಕ್ಕವು ಸರಿಯೇ ಎಂಬುದನ್ನು ವಿಚಾರಿಸಬೇಕು.

ಮೊದಲನೆಯದು ವಯಸ್ಸು. ನೂರು ವರ್ಷದ ಮರದ ಪೊಟರೆಯಲ್ಲಿ ಗಿಳಿಯೂ ಗೂಬೆಯೂ ಸಂಸಾರ ಹೂಡುತ್ತವೆ, ಸಸಿಯಲ್ಲಿ ಪೊಟರೆಯೆಲ್ಲಿಯದು? ಎರಡನೆಯದು ಜಾತಿ. ಆಲ, ಅರಳಿ, ಅತ್ತಿ, ಬಸರಿಗಳು ಒಂದೇ ಕುಲದವು. ಇವು ಬೇರೆ ಬೇರೆ ತಿಂಗಳುಗಳಲ್ಲಿ ಹಣ್ಣಾಗುವುದರಿಂದ, ಮಿಕ್ಕ ಮರಗಳು ಬರಿದಾದ ಕಾಲದಲ್ಲಿಯೂ ಕೋಗಿಲೆ, ಬಾವಲಿ, ಅಳಿಲುಗಳು ಬದುಕುತ್ತವೆ. ಹೊಂಗೆಯ ಹೂವು ಜೇನಿಗೆ ಆಧಾರ. ಲಿಂಗಪೂಜೆಗೆ ಸಲ್ಲುವ ಬಿಲ್ವದ ಎಲೆಯನ್ನೇ ಚಿಟ್ಟೆಯ ಮರಿಹುಳುವೂ ಉಂಡು ಬೆಳೆಯುತ್ತದೆ. ಬೀದಿಯುದ್ದಕ್ಕೂ ಒಂದೇ ಜಾತಿಯ ಅಲಂಕಾರದ ಗಿಡ ನೆಟ್ಟರೆ, ಪಂಕ್ತಿಯಲ್ಲಿ ಕೆಲವರಿಗೆ ಮಾತ್ರ ಎಡೆ ಹಾಕಿದಂತಾಗುತ್ತದೆ. ಅದಕ್ಕೊಂದು ರೋಗ ತಗುಲಿದರೆ ಬೀದಿಯೆಲ್ಲ ಬೋಳಾಗುತ್ತದೆ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಿಸಿದರು; ನೆಟ್ಟು ಮರೆಯದೆ ಬೇಲಿ ಕಟ್ಟಿಸಿ ಕಾಪಾಡಿಸಿದರು. ಅವುಗಳಲ್ಲಿ ಎಷ್ಟೋ ಮರಗಳು ಮುಂದೆ ರಸ್ತೆ ಅಗಲವಾಗುವಾಗ ಉರುಳಿದವು. ಬೆಳೆಸುವುದಕ್ಕಿಂತ ಉಳಿಸುವುದು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿಯುಳ್ಳ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಅಂಗಳದ ಮರವನ್ನು ಕಡಿಯಲಿಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಕಾಯಿದೆಯು ಕೊಡಲಿಯನ್ನು ತಡೆಯಬಲ್ಲುದಲ್ಲದೆ ಮನಸ್ಸಿನಲ್ಲಿ ದಯೆಯನ್ನು ಹುಟ್ಟಿಸಲಾರದು.

ಆದುದರಿಂದ ಪಟ್ಟಣವಾಸಿಗಳಾದ ಸದ್ಭಕ್ತರು ಆಚರಿಸತಕ್ಕ ನಿಯಮಗಳು ಕೆಲವುಂಟು. ಇರುವ ಮರವನ್ನು ಮೊದಲು ಉಳಿಸತಕ್ಕದ್ದು. ಅದರ ಬುಡಕ್ಕೆ ಸಿಮೆಂಟು ಬಳಿಯದೆ, ನೀರಿಂಗುವಷ್ಟು ಮಣ್ಣನ್ನು ತೆರೆದಿಡತಕ್ಕದ್ದು. ಕಾಂಡಕ್ಕೆ ಮೊಳೆ ಹೊಡೆಯಬಾರದು. ಹೊಸದಾಗಿ ನೆಡುವವರು ಬೀದಿಯಲ್ಲಿ ಯಾವ ಜಾತಿಯಿಲ್ಲವೋ ಅದನ್ನು ಆರಿಸಿಕೊಳ್ಳಲಿ. ಕಿರಿದಾದ ಅಂಗಳಕ್ಕೆ ಬಿಲ್ವ ಒಪ್ಪುತ್ತದೆ. ಆಲ, ಅರಳಿಗಳು ಗೋಡೆಯನ್ನು ಸೀಳುವುದರಿಂದ ಅವುಗಳಿಗೆ ಮಠದ ಬಯಲು, ಶಾಲೆಯ ಮೈದಾನಗಳೇ ತಕ್ಕ ಸ್ಥಳ.

ಪೂಜೆಗೆ ಪತ್ರೆಯನ್ನು ಕೊಯ್ಯುವ ಕೈ ಒಂದು ಬಿಲ್ವದ ಸಸಿಗೆ ನೀರನ್ನೂ ಎರೆಯಲಿ. ಆ ಮರದ ನೆರಳಿನಲ್ಲಿ ಮುಂದೆ ಯಾರು ಕುಳಿತಾರೆಂದು ಎಣಿಸದೆ ಎರೆಯುವುದೇ ದಾಸೋಹ.