ರೋಗಿಯ ಜೊತೆ ಸುದ್ದಿಯನ್ನೂ ತಾ

ಮಗಳೇ, ನಾಳೆಯಿಂದ ನೀನು 108 ಆಂಬುಲೆನ್ಸ್ ಗಾಡಿಯಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತಂತ್ರಜ್ಞೆ. ಬಿಪಿ ನೋಡುವುದು, ಆಕ್ಸಿಜನ್ ಹಾಕುವುದು, ಕುತ್ತಿಗೆಗೆ ಕಾಲರ್ ಕಟ್ಟುವುದು ಎಲ್ಲ ತರಬೇತಿಯಲ್ಲಿ ಕಲಿತಿದ್ದೀಯ. ನಾನು ಕ್ಯಾಜುವಾಲ್ಟಿಯ ಬಾಗಿಲಲ್ಲಿ ನಿಂತು ನಿಮ್ಮಂಥವರು ತಂದ ರೋಗಿಗಳನ್ನು ಇಳಿಸಿಕೊಂಡ ನರ್ಸು. ಆ ಬಾಗಿಲಿನ ಒಳಗಿಂದ ಕಂಡದ್ದನ್ನು ಹೇಳುತ್ತೇನೆ, ಕೇಳು.

ನೀನು ಹೋದ ಜಾಗಕ್ಕೆ ಡಾಕ್ಟರು ಬರುವುದಿಲ್ಲ. ಅಲ್ಲಿ ಏನಿತ್ತು ಎನ್ನುವುದಕ್ಕೆ ಅವರಿಗೆ ನೀನೇ ಕಣ್ಣು. ಹೊಲದಲ್ಲಿ ಯಾರೋ ವಿಷ ಕುಡಿದು ಬಿದ್ದಿದ್ದಾರೆ ಅನ್ನು. ಮನೆಯವರು 'ಔಷಧಿ ಕುಡಿದ' ಅನ್ನುತ್ತಾರೆಯೇ ಹೊರತು ಯಾವುದೆಂದು ಹೇಳಲಾರರು. ಆ ಡಬ್ಬಿ ಹುಡುಕು, ಲೇಬಲ್ಲಿನ ಫೋಟೋ ತೆಗೆ. ಆರ್ಗನೋಫಾಸ್ಫೇಟ್ ಆದರೆ ಅಟ್ರೋಪಿನ್ ಬೇಕು. ಪ್ಯಾರಾಕ್ವಾಟ್ ಆದರೆ ಆಕ್ಸಿಜನ್ನನ್ನೂ ಯೋಚಿಸಿ ಕೊಡಬೇಕು, ಹೆಚ್ಚಾದರೆ ಶ್ವಾಸಕೋಶ ಇನ್ನಷ್ಟು ಕೆಡುತ್ತದೆ. ಇದು ಗೊತ್ತಾಗುವುದು ಆ ಡಬ್ಬಿಯಿಂದ.

ಇನ್ನೊಂದು ವಿಷಯ ಹೊಸಬರಿಗೆ ಹೊಳೆಯುವುದಿಲ್ಲ. ನೀನು ಚಿಕಿತ್ಸೆ ಕೊಟ್ಟೆ ಎಂದರೆ ನೀನು ಕಂಡ ರೋಗಿ ಬೇರೆ, ಡಾಕ್ಟರು ಕಾಣುವ ರೋಗಿ ಬೇರೆ. ಸಕ್ಕರೆ 38ಕ್ಕೆ ಇಳಿದು ಪ್ರಜ್ಞೆ ತಪ್ಪಿದ ಅಜ್ಜನಿಗೆ ನೀನು ದಾರಿಯಲ್ಲಿ ಡೆಕ್ಸ್‌ಟ್ರೋಸ್ ಕೊಡುತ್ತೀ. ಆಸ್ಪತ್ರೆ ಮುಟ್ಟುವಾಗ ಅಜ್ಜ ಎದ್ದು ಕೂತು ಮಾತಾಡುತ್ತಿರುತ್ತಾರೆ, ಸಕ್ಕರೆ 160. ಆ 38ನ್ನು ನೀನು ಹೇಳದಿದ್ದರೆ ಅವರನ್ನು ಮನೆಗೆ ಕಳಿಸಿಬಿಡಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಾದರೆ ಕೆಲವು ಗಂಟೆಗಳಲ್ಲಿ ಸಕ್ಕರೆ ಮತ್ತೆ ಕುಸಿಯಬಹುದು. ಅದಕ್ಕೇ ಅವರ ಮಾತ್ರೆಯ ಚೀಲವನ್ನೂ ಗಾಡಿಗೆ ಹಾಕಿಕೋ.

ಪ್ರತಿ ಅಂಕಿಯ ಪಕ್ಕ ಗಂಟೆ ಬರೆ. ಅಪಘಾತದ ಹುಡುಗನ ಬಿಪಿ 90 ಎಂದಷ್ಟೇ ಹೇಳಿದರೆ ಸಾಲದು. 9.10ಕ್ಕೆ 120 ಇತ್ತು, 9.25ಕ್ಕೆ 90 ಎಂದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೆಂದು ಸರ್ಜನ್ ಅಲ್ಲೇ ಎಚ್ಚೆತ್ತುಕೊಳ್ಳುತ್ತಾರೆ. ಲಕ್ವದಲ್ಲಿ ಗಂಟೆಯ ಲೆಕ್ಕ ಇನ್ನೂ ಬಿಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮನೆಯವರು 'ಈಗಷ್ಟೇ ಆಯ್ತು' ಅನ್ನುತ್ತಾರೆ, ಅಂದರೆ ಈಗಷ್ಟೇ ನೋಡಿದರು. ಕೊನೆಯ ಸಲ ಚೆನ್ನಾಗಿದ್ದುದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದಿರಿ ಎಂದು ಕೇಳು. ಗಾಡಿ ಹೊರಟ ಕೂಡಲೇ ಆಸ್ಪತ್ರೆಗೆ ಫೋನ್ ಮಾಡು. ಸಿ.ಟಿ. ಯಂತ್ರ ಖಾಲಿ ಇಟ್ಟುಕೊಂಡು ಕಾಯಲಿ.

ಹೃದಯದ ವಿಷಯದಲ್ಲಿ ನಮ್ಮ ರಾಜ್ಯ ಹೀಗೆ ಸುದ್ದಿಯನ್ನು ಮುಂಚೆಯೇ ಮುಟ್ಟಿಸುವ ದಾರಿ ಹಿಡಿದಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ನೋಡಿ ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ. ರೋಗಿಗಿಂತ ಮುಂಚೆ ಸುದ್ದಿ ಮುಟ್ಟಿದ್ದರಿಂದಲೇ ಇದು ಸಾಧ್ಯ.

ಹಾಗೆಂದು ರೋಗಿಯ ಮಾಹಿತಿ, ಫೋಟೋಗಳನ್ನು ಸಿಕ್ಕಸಿಕ್ಕವರಿಗೆ ಕಳಿಸಬೇಡ. ಜೀವಕ್ಕೆ ಅಪಾಯವಿದ್ದಾಗ ಒಪ್ಪಿಗೆ ಪಡೆಯದೆಯೂ ಮಾಹಿತಿ ಬಳಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಆ ಅವಕಾಶ ಇರುವುದು ಚಿಕಿತ್ಸೆಗೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಾಯಾಳುವಿನ ಮುಖ ಓಡಾಡುವುದಕ್ಕಲ್ಲ.

ಟ್ರಾಲಿ ಬದಲಾಯಿಸುವ ಗದ್ದಲದಲ್ಲಿ ಏನನ್ನೂ ಹೇಳಬೇಡ, ಯಾರ ಕಿವಿಗೂ ಬೀಳುವುದಿಲ್ಲ. ಡ್ಯೂಟಿ ಡಾಕ್ಟರನ್ನು ನಿಲ್ಲಿಸಿ ಅವರ ಅರ್ಧ ನಿಮಿಷ ಸಮಯ ಕೇಳು. ವಯಸ್ಸು, ಏನಾಯಿತು, ಯಾವಾಗ, ನೀನು ಕಂಡದ್ದು, ಕೊಟ್ಟದ್ದು, ಕೊಟ್ಟ ಮೇಲೆ ಆದದ್ದು, ಇಷ್ಟನ್ನು ಹೇಳಿ, ನೀನು ಬರೆದ ಹಾಳೆಯ ಒಂದು ಪ್ರತಿ ಅವರ ಕೈಗೇ ಕೊಡು. ಕೆಲವರು 'ಆಯ್ತು ಆಯ್ತು, ಹೋಗಮ್ಮ' ಅಂದಾರು. ಬೇಜಾರು ಮಾಡಿಕೊಳ್ಳದೆ ಮತ್ತೊಮ್ಮೆ ಹೇಳು. ನಿನ್ನನ್ನು ಕೇಳಿಸಿಕೊಳ್ಳುವುದು ಅವರ ಕೆಲಸದ ಭಾಗ, ನಿನಗೆ ಮಾಡುವ ಉಪಕಾರವಲ್ಲ.

ಮಾರನೆಯ ದಿನ ಅದೇ ಆಸ್ಪತ್ರೆಗೆ ಹೋದರೆ ನಿನ್ನೆಯ ರೋಗಿಗೆ ಏನಾಯಿತೆಂದು ವಿಚಾರಿಸು. ನಿನ್ನ ಅಂದಾಜು ಎಲ್ಲಿ ಸರಿಯಿತ್ತು, ಎಲ್ಲಿ ತಪ್ಪಿತ್ತು ಎಂಬುದು ನಿನಗೆ ಬೇರೆ ಯಾವ ದಾರಿಯಿಂದಲೂ ತಿಳಿಯದು. ಡಾಕ್ಟರು ಸಿಗದಿದ್ದರೆ ನರ್ಸನ್ನು ಕೇಳು, ನಮಗೆ ಗೊತ್ತಿರುತ್ತದೆ.